ಪಕ್ಷ ಬದಲಾಯಿತು, ಪ್ರತ್ಯೇಕ ರಾಜ್ಯದ ಬೇಡಿಕೆ ಎಲ್ಲಿಗೆ ಬಂತು?

ಉತ್ತರ ಕರ್ನಾಟಕದ 15 ಜಿಲ್ಲೆಗಳನ್ನು ಸೇರಿಸಿ ಪ್ರತ್ಯೇಕ ರಾಜ್ಯ ಮಾಡಬೇಕು ಎಂದು ಬೆಳಗಾವಿ ಜಿಲ್ಲೆ ಕಾಗವಾಡದ ಕಾಂಗ್ರೆಸ್ ಶಾಸಕ ರಾಜು ಕಾಗೆ 2025ರ ಕೊನೆಯಲ್ಲಿ ರಾಷ್ಟ್ರಪತಿಗೆ ಪತ್ರ ಬರೆದರು. ಅದಕ್ಕೂ ಮೂರು ವರ್ಷ ಮೊದಲು, 2022ರ ಜೂನ್‌ನಲ್ಲಿ, ಆಗ ಬಿಜೆಪಿ ಸರ್ಕಾರದ ಸಚಿವರಾಗಿದ್ದ ಹುಕ್ಕೇರಿಯ ಉಮೇಶ ಕತ್ತಿ ಬೆಳಗಾವಿಯ ವಕೀಲರ ಮುಂದೆ ಇದೇ ಮಾತು ಆಡಿದ್ದರು. 2024ರ ಲೋಕಸಭಾ ಚುನಾವಣೆ ಮುಗಿದ ಮೇಲೆ ದೇಶದಲ್ಲಿ 50 ರಾಜ್ಯಗಳಾಗುತ್ತವೆ, ಉತ್ತರ ಕರ್ನಾಟಕವೂ ಅದರಲ್ಲೊಂದು ಎಂಬುದು ಅವರ ಮಾತಿನ ಸಾರ. ಒಬ್ಬರು ಕಾಂಗ್ರೆಸ್, ಇನ್ನೊಬ್ಬರು ಬಿಜೆಪಿ. ಇಬ್ಬರೂ ಆಳುವ ಪಕ್ಷದಲ್ಲಿದ್ದಾಗಲೇ ಈ ಮಾತು ಆಡಿದರು, ಇಬ್ಬರ ರಾಜಕೀಯ ಜೀವನದಲ್ಲೂ ಪಕ್ಷಾಂತರ ಇದೆ.

ಪಕ್ಷ ಬಿಡುವುದಕ್ಕೂ ಪ್ರತ್ಯೇಕ ರಾಜ್ಯ ಕೇಳುವುದಕ್ಕೂ ನಂಟಿದೆಯೇ? ಬೇರೆ ಕಡೆ ಇದೆ. ತೆಲಂಗಾಣ ರಾಜ್ಯವಾಗುವುದಕ್ಕೆ ಮೊದಲು ಒಬ್ಬ ನಾಯಕ ಅದಕ್ಕಾಗಿಯೇ ಪಕ್ಷ ಬಿಟ್ಟಿದ್ದರು. ಕೆನಡಾದ ಕ್ವಿಬೆಕ್‌ನಲ್ಲಿ ಸ್ವತಂತ್ರ ದೇಶದ ಬೇಡಿಕೆ ದೊಡ್ಡ ರಾಜಕೀಯ ಶಕ್ತಿಯಾದದ್ದೂ ಒಬ್ಬ ಮಾಜಿ ಸಚಿವರು ಪಕ್ಷ ಬಿಟ್ಟ ಮೇಲೆ. ಬೆಳಗಾವಿಯಲ್ಲಿ ಪಕ್ಷಾಂತರಕ್ಕೆ ಬರವಿಲ್ಲ, ಪ್ರತ್ಯೇಕ ರಾಜ್ಯದ ಮಾತಿಗೂ ಬರವಿಲ್ಲ. ಆದರೆ ಎರಡೂ ಒಂದೇ ದಾರಿಯಲ್ಲಿ ನಡೆದಿಲ್ಲ. ಈ ಬೇಡಿಕೆ ಇಷ್ಟು ವರ್ಷ ಮಾತಾಗಿಯೇ ಉಳಿದದ್ದು ಏಕೆ ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ಅಲ್ಲೇ ಇದೆ.

ಹುಕ್ಕೇರಿಯ ಲೆಕ್ಕ

ತಂದೆ ವಿಶ್ವನಾಥ ಕತ್ತಿಯವರ ನಿಧನದ ನಂತರ 1985ರಲ್ಲಿ ಉಮೇಶ ಕತ್ತಿ ಜನತಾ ಪಕ್ಷದಿಂದ ವಿಧಾನಸಭೆಗೆ ಬಂದರು. 1989 ಮತ್ತು 1994ರಲ್ಲಿ ಜನತಾ ದಳ, 1999ರಲ್ಲಿ ಜೆಡಿಯು. 2004ರಲ್ಲಿ ಸೋತರು. 2008ರ ಮೇ ತಿಂಗಳಲ್ಲಿ ಜೆಡಿಎಸ್‌ನಿಂದ ಗೆದ್ದು, ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಟ್ಟು, ಡಿಸೆಂಬರ್‌ನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದರು. 2013, 2018ರಲ್ಲೂ ಬಿಜೆಪಿಯೇ. 2022ರ ಸೆಪ್ಟೆಂಬರ್ 6ರಂದು ನಿಧನರಾದಾಗ ಅರಣ್ಯ ಮತ್ತು ಆಹಾರ ಖಾತೆ ಅವರ ಕೈಯಲ್ಲಿತ್ತು.

ಈ ಪಟ್ಟಿಯನ್ನು ಎರಡು ಭಾಗ ಮಾಡಿ ನೋಡಬೇಕು. 1985ರಿಂದ 1999ರವರೆಗಿನದು ನಿಜವಾದ ಪಕ್ಷಾಂತರವಲ್ಲ. ಜನತಾ ಪರಿವಾರವೇ ಒಡೆಯುತ್ತ, ಹೆಸರು ಬದಲಿಸುತ್ತ ಹೋಯಿತು, ಅದರೊಳಗಿದ್ದವರ ಚಿಹ್ನೆಯೂ ಬದಲಾಯಿತು. ಆ ಕಾಲದ ಉತ್ತರ ಕರ್ನಾಟಕದ ಎಷ್ಟೋ ಶಾಸಕರ ಕತೆ ಹೀಗೆಯೇ ಇದೆ. 2008ರದು ಮಾತ್ರ ಬೇರೆ. ಅದು ಗೆದ್ದ ಪಕ್ಷವನ್ನು ಬಿಟ್ಟು ಆಳುವ ಪಕ್ಷಕ್ಕೆ ಹೋದದ್ದು. ಆಗ 110 ಸ್ಥಾನ ಗೆದ್ದಿದ್ದ ಬಿಜೆಪಿಗೆ ಬಹುಮತಕ್ಕೆ 113 ಬೇಕಿತ್ತು. ಪಕ್ಷೇತರರ ಬೆಂಬಲದಿಂದ ಸರ್ಕಾರ ರಚನೆಯಾಗಿದ್ದರೂ ಸ್ವಂತ ಬಲ ಬೇಕಿತ್ತು. ಆಪರೇಷನ್ ಕಮಲ ಎಂಬ ಹೆಸರು ಹುಟ್ಟಿದ್ದೇ ಆಗ. ಅರಭಾವಿಯ ಬಾಲಚಂದ್ರ ಜಾರಕಿಹೊಳಿ ಮತ್ತು ಹುಕ್ಕೇರಿಯ ಕತ್ತಿ, ಬೆಳಗಾವಿಯ ಈ ಇಬ್ಬರೂ ಅದರಲ್ಲಿದ್ದರು. ಆ ಉಪಚುನಾವಣೆಯಲ್ಲಿ ಹುಕ್ಕೇರಿಯ ಮತದಾರರು ಚರ್ಚಿಸಿದ್ದು ಮಂತ್ರಿಗಿರಿ, ಕ್ಷೇತ್ರದ ಕೆಲಸ, ಕುಟುಂಬದ ಹಿಡಿತ. ಅದು ಪ್ರತ್ಯೇಕ ರಾಜ್ಯದ ಮೇಲಿನ ಜನಾಭಿಪ್ರಾಯವಾಗಿರಲಿಲ್ಲ.

ಕತ್ತಿಯವರಿಗೆ ಒಂದು ನ್ಯಾಯ ಸಲ್ಲಬೇಕು. ಅವರು ಪಕ್ಷ ಬದಲಿಸಿದರೂ ಈ ಮಾತು ಬಿಡಲಿಲ್ಲ. ಸಚಿವರಾಗಿದ್ದಾಗಲೂ ಆಡಿದರು, ಮುಖ್ಯಮಂತ್ರಿಯೇ ಅದು ಸರ್ಕಾರದ ನಿಲುವಲ್ಲ ಎಂದಾಗಲೂ ಹಿಂದೆ ಸರಿಯಲಿಲ್ಲ. ಹಟ ನಿಜ. ಆದರೆ ಆ ಹಟಕ್ಕೆ ಒಂದು ಸಂಘಟನೆ, ಒಂದು ಚಿಹ್ನೆ, ಒಂದು ಕರಡು ಮಸೂದೆ ಸೇರಿಕೊಳ್ಳಲಿಲ್ಲ. ಅವರು ತೀರಿಕೊಂಡ ಮೇಲೆ ಬೇಡಿಕೆಯನ್ನು ಮುಂದುವರಿಸುವ ಪಕ್ಷವಾಗಲಿ ಕಚೇರಿಯಾಗಲಿ ಉಳಿಯಲಿಲ್ಲ.

ಕಾಗವಾಡದ ಚಿತ್ರ ಇನ್ನೂ ಸ್ಪಷ್ಟ. ರಾಜು ಕಾಗೆ 2004, 2008, 2013ರಲ್ಲಿ ಬಿಜೆಪಿಯಿಂದ ಗೆದ್ದವರು. 2018ರಲ್ಲಿ ಕಾಂಗ್ರೆಸ್‌ನ ಶ್ರೀಮಂತ ಪಾಟೀಲರ ಎದುರು ಸೋತರು. 2019ರಲ್ಲಿ ಶ್ರೀಮಂತ ಪಾಟೀಲರು ಬಿಜೆಪಿಗೆ ಬಂದರು, ಟಿಕೆಟ್ ಅವರಿಗೇ ಎಂದಾದಾಗ ಕಾಗೆ ಕಾಂಗ್ರೆಸ್ ಸೇರಿದರು. ಆ ಡಿಸೆಂಬರ್‌ನ ಉಪಚುನಾವಣೆಯಲ್ಲಿ ಅದೇ ಇಬ್ಬರು ಚಿಹ್ನೆ ಅದಲು ಬದಲು ಮಾಡಿಕೊಂಡು ಎದುರಾದರು, ಕಾಗೆ ಸೋತರು. 2023ರಲ್ಲಿ ಕಾಂಗ್ರೆಸ್‌ನಿಂದ ಗೆದ್ದರು. ಕ್ಷೇತ್ರದ ಟಿಕೆಟ್ ಯಾರ ಬಳಿ ಇದೆ ಎಂಬುದೇ ಇಲ್ಲಿನ ಪ್ರತಿ ಹೆಜ್ಜೆಯನ್ನೂ ತೀರ್ಮಾನಿಸಿದೆ. ಪಕ್ಕದ ಅಥಣಿಯಲ್ಲೂ ಹಾಗೆಯೇ ಆಯಿತು: ಕಾಂಗ್ರೆಸ್‌ನ ಮಹೇಶ ಕುಮಠಳ್ಳಿ 2019ರಲ್ಲಿ ಬಿಜೆಪಿಗೆ ಹೋದರು, 2023ರಲ್ಲಿ ಬಿಜೆಪಿಯ ಲಕ್ಷ್ಮಣ ಸವದಿ ಕಾಂಗ್ರೆಸ್‌ಗೆ ಬಂದು ಅವರನ್ನು ಸೋಲಿಸಿದರು.

ಹೀಗೆ ಚಿಹ್ನೆ ಬದಲಿಸಿಯೂ ಗೆಲ್ಲುವುದು ಈ ಭಾಗದಲ್ಲಿ ಹೇಗೆ ಸಾಧ್ಯ ಎಂದರೆ ಕಾರಣ ಊರಿನ ಸಹಕಾರ ಸಂಘದಲ್ಲಿದೆ. ಕೃಷ್ಣಾ, ಘಟಪ್ರಭಾ ದಂಡೆಯ ರೈತನಿಗೆ ಶೂನ್ಯ ಬಡ್ಡಿಯ ಬೆಳೆ ಸಾಲ ಬರುವುದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ (ಪಿಕೆಪಿಎಸ್) ಮೂಲಕ, ಈಗ ಅದರ ಮಿತಿ 5 ಲಕ್ಷ ರೂಪಾಯಿ. ಪಿಕೆಪಿಎಸ್ ಪ್ರತಿನಿಧಿಗಳು ಡಿಸಿಸಿ ಬ್ಯಾಂಕಿನ ನಿರ್ದೇಶಕರನ್ನು ಆರಿಸುತ್ತಾರೆ. ಕಬ್ಬು ಕಡಿಯುವ ಸರದಿ, ತೂಕ, ಬಿಲ್ಲು ಎಲ್ಲವೂ ಸಕ್ಕರೆ ಕಾರ್ಖಾನೆಯ ಕೈಯಲ್ಲಿ. ಹುಕ್ಕೇರಿಯಲ್ಲಂತೂ ಮನೆಗೆ ಕರೆಂಟು ಕೊಡುವುದೂ ಒಂದು ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಈ ಸಂಸ್ಥೆಗಳ ಹಿಡಿತ ಇರುವ ಮನೆತನ ಯಾವ ಪಕ್ಷಕ್ಕೆ ಹೋದರೂ ಮತದ ಬಹುಭಾಗ ಅವರ ಹಿಂದೆಯೇ ಹೋಗುತ್ತದೆ. ಹಾಗಾಗಿ ಇಲ್ಲಿನ ನಾಯಕನಿಗೆ ಪಕ್ಷ ಬಿಡುವುದು ಅಷ್ಟೇನೂ ಕಷ್ಟವಲ್ಲ. ಕಷ್ಟ ಇರುವುದು ಸರ್ಕಾರದ ಜೊತೆಗಿನ ನಂಟು ಬಿಡುವುದರಲ್ಲಿ, ಏಕೆಂದರೆ ಡಿಸಿಸಿ ಬ್ಯಾಂಕು, ಕಾರ್ಖಾನೆ, ನೀರಾವರಿ ಎಲ್ಲಕ್ಕೂ ಬೆಂಗಳೂರಿನ ಸಹಿ ಬೇಕು. ಪ್ರತ್ಯೇಕ ರಾಜ್ಯಕ್ಕಾಗಿ ಪಕ್ಷ ಬಿಡುವುದೆಂದರೆ ಆ ಸಹಿಯನ್ನೂ ಬಿಡುವುದು. ಬೇಡಿಕೆ ಮುಂದೆ ಹೋಗದಿರಲು ಇದೇ ಮುಖ್ಯ ಕಾರಣ ಎಂದು ನಮ್ಮ ಅಭಿಪ್ರಾಯ.

ಕಾನೂನು ಏನು ಹೇಳುತ್ತದೆ

ಪಕ್ಷಾಂತರ ನಿಷೇಧ ಸಂವಿಧಾನಕ್ಕೆ ಬಂದದ್ದು 1985ರ 52ನೇ ತಿದ್ದುಪಡಿಯಿಂದ, ಹತ್ತನೇ ಅನುಸೂಚಿಯಾಗಿ. ಸದಸ್ಯತ್ವ ಹೋಗುವುದು ಎರಡು ಕಾರಣಕ್ಕೆ: ಸ್ವ ಇಚ್ಛೆಯಿಂದ ಪಕ್ಷ ತ್ಯಜಿಸಿದರೆ, ಅಥವಾ ಸದನದಲ್ಲಿ ಪಕ್ಷದ ಆದೇಶ (ವಿಪ್) ಮೀರಿ ಮತ ಹಾಕಿದರೆ ಅಥವಾ ಮತಕ್ಕೆ ಗೈರಾದರೆ. ಪಕ್ಷ ತ್ಯಜಿಸಲು ರಾಜೀನಾಮೆ ಪತ್ರವೇ ಬೇಕಿಲ್ಲ, ನಡವಳಿಕೆಯಿಂದಲೂ ತೀರ್ಮಾನಿಸಬಹುದು ಎಂದು ಸುಪ್ರೀಂ ಕೋರ್ಟ್ 1994ರ ರವಿ ನಾಯಕ್ ಪ್ರಕರಣದಲ್ಲಿ ಹೇಳಿದೆ. ಮೊದಲು ಮೂರನೇ ಒಂದು ಭಾಗ ಶಾಸಕರು ಒಡೆದರೆ ರಕ್ಷಣೆ ಇತ್ತು, 2003ರ 91ನೇ ತಿದ್ದುಪಡಿ ಅದನ್ನು ತೆಗೆದುಹಾಕಿತು. ಈಗ ಮೂರನೇ ಎರಡು ಭಾಗ ಇನ್ನೊಂದು ಪಕ್ಷದಲ್ಲಿ ವಿಲೀನವಾದರೆ ಮಾತ್ರ ರಕ್ಷಣೆ. ಅದೇ ತಿದ್ದುಪಡಿ ಸಚಿವರ ಸಂಖ್ಯೆಗೆ ಶೇ 15ರ ಮಿತಿ ಹಾಕಿತು. ಕರ್ನಾಟಕದ 224ಕ್ಕೆ ಅದು ಮುಖ್ಯಮಂತ್ರಿಯೂ ಸೇರಿ 34.

ಈ ಕಾನೂನಿನ ಬಾಯಿಗೆ ಸಿಗದ ದಾರಿಯೆಂದರೆ ಶಾಸಕ ಸ್ಥಾನಕ್ಕೇ ರಾಜೀನಾಮೆ ಕೊಟ್ಟು ಹೊಸ ಚಿಹ್ನೆಯಲ್ಲಿ ಉಪಚುನಾವಣೆಗೆ ನಿಲ್ಲುವುದು. 2008ರಲ್ಲಿ ಆದದ್ದು ಇದೇ. 2019ರಲ್ಲಿ ಸ್ಪೀಕರ್ ರಮೇಶ್ ಕುಮಾರ್ ರಾಜೀನಾಮೆ ಒಪ್ಪದೆ 17 ಶಾಸಕರನ್ನು ಅನರ್ಹಗೊಳಿಸಿದರು. ಅನರ್ಹತೆ ಸರಿ, ಆದರೆ 2023ರವರೆಗೆ ಸ್ಪರ್ಧಿಸಬಾರದು ಎನ್ನುವ ಅಧಿಕಾರ ಸ್ಪೀಕರ್‌ಗಿಲ್ಲ ಎಂದು ಸುಪ್ರೀಂ ಕೋರ್ಟ್ ನವೆಂಬರ್ 13ರಂದು ಹೇಳಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಿಗೆ ಚುನಾವಣೆ ನಡೆದು ಬಿಜೆಪಿ 12 ಗೆದ್ದಿತು. ಗೋಕಾಕ, ಅಥಣಿ, ಕಾಗವಾಡ ಮೂರೂ ಅದರಲ್ಲಿದ್ದವು. ಪಕ್ಷದೊಳಗಿನ ಭಿನ್ನಮತ ಮತ್ತು ಪಕ್ಷಾಂತರದ ನಡುವಿನ ಗೆರೆಯ ಬಗ್ಗೆ ದೇಶದ ವಕೀಲರು ಉಲ್ಲೇಖಿಸುವ 2011ರ ತೀರ್ಪಿಗೂ ಅರಭಾವಿ ಶಾಸಕ ಬಾಲಚಂದ್ರ ಜಾರಕಿಹೊಳಿಯವರ ಹೆಸರೇ ಇದೆ.

ಪ್ರತ್ಯೇಕ ರಾಜ್ಯ ಕೇಳುವ ಶಾಸಕನಿಗೆ ಇದರಿಂದ ಎರಡು ಪರಿಣಾಮ. ಸದನದ ಹೊರಗೆ ಮಾತಾಡಿದರೆ, ಪತ್ರ ಬರೆದರೆ, ಸ್ಥಾನಕ್ಕೆ ಸಾಮಾನ್ಯವಾಗಿ ಕುತ್ತಿಲ್ಲ. ಅದೇ ವಿಷಯ ಸದನದಲ್ಲಿ ಮತಕ್ಕೆ ಬಂದು ಪಕ್ಷ ವಿಪ್ ಕೊಟ್ಟರೆ, ತನ್ನ ಮಾತಿನಂತೆ ಮತ ಹಾಕಿದವನ ಸ್ಥಾನ ಹೋಗುತ್ತದೆ. ಅಂದರೆ ಬೇಡಿಕೆ ನಿಜವಾಗಿ ಮುಂದೆ ಸಾಗುವ ಜಾಗದಲ್ಲೇ ಬೆಲೆ ತೆರಬೇಕು. ತೆರಲು ಸಿದ್ಧನಿದ್ದವನಿಗೆ ದಾರಿ ಗೊತ್ತಿರುವುದೇ: ರಾಜೀನಾಮೆ ಕೊಡುವುದು, ಆರು ತಿಂಗಳೊಳಗೆ ನಡೆಯಬೇಕಾದ ಉಪಚುನಾವಣೆಯಲ್ಲಿ ಇದೊಂದೇ ವಿಷಯವಿಟ್ಟು ನಿಲ್ಲುವುದು. ಬೆಳಗಾವಿಯ ನಾಯಕರು ಈ ಯಂತ್ರವನ್ನು ದೇಶದಲ್ಲೇ ಚೆನ್ನಾಗಿ ಬಲ್ಲರು. ಮಂತ್ರಿಗಿರಿಗೆ ಬಳಸಿದ ದಾರಿಯನ್ನು ಈ ಬೇಡಿಕೆಗೆ ಬಳಸಿಲ್ಲ.

ಸಿದ್ದಿಪೇಟೆಯಲ್ಲಿ ಆದದ್ದು

ಕೆ. ಚಂದ್ರಶೇಖರ ರಾವ್ (ಕೆಸಿಆರ್) ತೆಲುಗು ದೇಶಂನಿಂದ 1985ರಿಂದ ಸಿದ್ದಿಪೇಟೆಯಲ್ಲಿ ಸತತವಾಗಿ ಗೆದ್ದವರು, ಸಚಿವರಾಗಿದ್ದವರು, ಆಂಧ್ರ ವಿಧಾನಸಭೆಯ ಉಪಸಭಾಧ್ಯಕ್ಷರಾಗಿದ್ದವರು. 1999ರ ನಂತರ ಚಂದ್ರಬಾಬು ನಾಯ್ಡು ಸಂಪುಟದಲ್ಲಿ ಜಾಗ ಸಿಗಲಿಲ್ಲ ಎಂಬ ಅಸಮಾಧಾನ ಇತ್ತು ಎಂದು ಅವರ ವಿರೋಧಿಗಳು ಹೇಳುತ್ತ ಬಂದಿದ್ದಾರೆ. ಇರಬಹುದು. ಉದ್ದೇಶದ ಶುದ್ಧಿಗಿಂತ ನಂತರದ ಹೆಜ್ಜೆಗಳು ಮುಖ್ಯ. 2001ರ ಏಪ್ರಿಲ್ 27ರಂದು ಅವರು ಪಕ್ಷ, ಉಪಸಭಾಧ್ಯಕ್ಷ ಹುದ್ದೆ, ಶಾಸಕ ಸ್ಥಾನ ಎಲ್ಲವನ್ನೂ ಬಿಟ್ಟು ತೆಲಂಗಾಣ ರಾಷ್ಟ್ರ ಸಮಿತಿ (ಟಿಆರ್‌ಎಸ್) ಕಟ್ಟಿದರು. ಉಪಚುನಾವಣೆಯಲ್ಲಿ ಅದೇ ಸಿದ್ದಿಪೇಟೆಯಿಂದ ಹೊಸ ಪಕ್ಷದ ಹೆಸರಲ್ಲಿ ಗೆದ್ದರು. ಪಕ್ಷದ ಹೆಸರಿನಲ್ಲೇ ಬೇಡಿಕೆ ಇತ್ತು, ಹಾಗಾಗಿ ಬಿದ್ದ ಮತ ಯಾವುದಕ್ಕೆ ಎಂಬ ಗೊಂದಲ ಇರಲಿಲ್ಲ.

2004ರಲ್ಲಿ ಕಾಂಗ್ರೆಸ್ ಜೊತೆ ಮೈತ್ರಿ: 26 ಶಾಸಕರು, 5 ಸಂಸದರು, ಕೆಸಿಆರ್ ಕೇಂದ್ರ ಸಚಿವ. ರಾಜ್ಯ ರಚನೆ ಮುಂದೆ ಹೋಗದಿದ್ದಾಗ 2006ರಲ್ಲಿ ಸಚಿವ ಸ್ಥಾನ ಬಿಟ್ಟರು, ಲೋಕಸಭಾ ಸ್ಥಾನಕ್ಕೂ ರಾಜೀನಾಮೆ ಕೊಟ್ಟು ಡಿಸೆಂಬರ್‌ನಲ್ಲಿ ಕರೀಂನಗರದ ಉಪಚುನಾವಣೆ ಎರಡು ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಆ ಗೆಲುವಿನ ಉತ್ಸಾಹದಲ್ಲಿ 2008ರಲ್ಲಿ ಪಕ್ಷದ ಶಾಸಕರು, ಸಂಸದರು ಸಾಮೂಹಿಕವಾಗಿ ರಾಜೀನಾಮೆ ಕೊಟ್ಟರು. ಈ ಸಲ ಏಟು ಬಿತ್ತು: 16 ವಿಧಾನಸಭಾ ಸ್ಥಾನಗಳಲ್ಲಿ 7, ನಾಲ್ಕು ಲೋಕಸಭಾ ಸ್ಥಾನಗಳಲ್ಲಿ 2 ಮಾತ್ರ ಉಳಿದವು. ಜನ ಬೇಡಿಕೆಯನ್ನು ತಿರಸ್ಕರಿಸಿದ್ದಲ್ಲ. ಪದೇ ಪದೇ ಚುನಾವಣೆಗೆ ತಳ್ಳಿದ್ದು ಅವರಿಗೆ ಬೇಸರ ತಂದಿತ್ತು, ಮೇಲಾಗಿ ಕಾಂಗ್ರೆಸ್, ತೆಲುಗು ದೇಶಂ ಎರಡೂ ಎದುರು ನಿಂತಿದ್ದವು. 2009ರ ಸಾರ್ವತ್ರಿಕ ಚುನಾವಣೆಯಲ್ಲಿ ತಾವು ಬಿಟ್ಟು ಬಂದ ತೆಲುಗು ದೇಶಂ ಜೊತೆಗೇ ಮೈತ್ರಿ ಮಾಡಿಕೊಂಡು 10 ಶಾಸಕರಿಗೆ ಇಳಿದರು. ಅಲ್ಲಿಗೆ ಪಕ್ಷ ಮುಗಿಯಿತು ಎಂದೇ ಎಲ್ಲರೂ ತಿಳಿದಿದ್ದರು.

ತಿರುವು ಸಿಕ್ಕಿದ್ದು 2009ರ ನವೆಂಬರ್ 29ರಂದು ಆರಂಭವಾದ ಉಪವಾಸದಿಂದ. ಉಸ್ಮಾನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬೀದಿಗಿಳಿದರು. ಡಿಸೆಂಬರ್ 9ರಂದು ಗೃಹ ಸಚಿವ ಚಿದಂಬರಂ ರಾಜ್ಯ ರಚನೆ ಪ್ರಕ್ರಿಯೆ ಆರಂಭ ಎಂದು ಘೋಷಿಸಿದರು, ಎರಡೇ ವಾರದಲ್ಲಿ ಕೇಂದ್ರ ಹಿಂದೆ ಸರಿಯಿತು. ಮತ್ತೆ ರಾಜೀನಾಮೆ, 2010ರ ಜುಲೈನಲ್ಲಿ 12 ಸ್ಥಾನಗಳಿಗೆ ಉಪಚುನಾವಣೆ. ಈ ಸಲ 11 ಟಿಆರ್‌ಎಸ್‌ಗೆ, ಒಂದು ತೆಲಂಗಾಣ ಬೆಂಬಲಿಸಿದ್ದ ಬಿಜೆಪಿಗೆ. ಎರಡು ವರ್ಷದ ಹಿಂದೆ ಸೋಲು ತಂದಿದ್ದ ಅದೇ ಹೆಜ್ಜೆ ಈಗ ಗೆಲುವು ತಂದಿತು, ಏಕೆಂದರೆ ನಡುವೆ ಒಂದು ಜನಚಳವಳಿ ಹುಟ್ಟಿತ್ತು. ಉತ್ತರ ಕರ್ನಾಟಕದಲ್ಲಿ 2018ರ ಆಗಸ್ಟ್ 2ರಂದು ಪ್ರತ್ಯೇಕ ರಾಜ್ಯಕ್ಕಾಗಿ ಕರೆಕೊಟ್ಟ ಬಂದ್‌ಗೆ ಹೆಚ್ಚಿನ ಕಡೆ ಸ್ಪಂದನೆ ಸಿಗಲಿಲ್ಲ. 2025ರ ನವೆಂಬರ್‌ನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಸೇರಿದಾಗ ಇಡೀ ಜಿಲ್ಲೆಯೇ ಎದ್ದಿತು, ಸರ್ಕಾರ ಓಡಿಬಂದು 3,300ಕ್ಕೆ ಒಪ್ಪಂದ ಮಾಡಿತು. ಜನ ಬೀದಿಗಿಳಿಯುವ ವಿಷಯ ಯಾವುದು ಎಂಬುದನ್ನು ಈ ಎರಡು ದೃಶ್ಯಗಳು ಹೇಳುತ್ತವೆ.

ಕ್ವಿಬೆಕ್‌ನ ರೆನೆ ಲೆವೆಕ್ ಬಗ್ಗೆ ಇಲ್ಲಿ ಸ್ವಲ್ಪದರಲ್ಲೇ ಹೇಳಬಹುದು. ಲಿಬರಲ್ ಸರ್ಕಾರದ ಸಚಿವರಾಗಿ ವಿದ್ಯುತ್ ಕಂಪನಿಗಳ ರಾಷ್ಟ್ರೀಕರಣ ಮಾಡಿದವರು. 1967ರಲ್ಲಿ ಪಕ್ಷ ತಮ್ಮ ಸಾರ್ವಭೌಮತೆಯ ಪ್ರಸ್ತಾಪವನ್ನು ಒಪ್ಪದಿದ್ದಾಗ ಹೊರಬಂದರು, ಮರುವರ್ಷ ಪಾರ್ಟಿ ಕ್ವಿಬೆಕ್ವಾ ಕಟ್ಟಿದರು. 1970 ಮತ್ತು 1973ರಲ್ಲಿ ಸ್ವತಃ ಸೋತರು, ಪಕ್ಷಕ್ಕೆ ಸಿಕ್ಕಿದ್ದು 7, ಆಮೇಲೆ 6 ಸ್ಥಾನ. 1976ರಲ್ಲಿ ಅಧಿಕಾರಕ್ಕೆ ಬಂದರು. 1980ರ ಜನಮತ ಸಂಗ್ರಹದಲ್ಲಿ ಸುಮಾರು ಶೇ 60 ಜನ ಬೇಡ ಎಂದರು. ಬೇಡಿಕೆ ಸೋತರೂ ಅದು ಎಷ್ಟು ಜನರ ಬೇಡಿಕೆ ಎಂಬುದು ಲೆಕ್ಕಕ್ಕೆ ಸಿಕ್ಕಿತು. ಉತ್ತರ ಕರ್ನಾಟಕದ ವಿಷಯದಲ್ಲಿ ಆ ಲೆಕ್ಕವೇ ಇನ್ನೂ ಆಗಿಲ್ಲ. ಒಂದು ವ್ಯತ್ಯಾಸ ಮರೆಯಬಾರದು: ಲೆವೆಕ್ ಕೇಳಿದ್ದು ಬೇರೆ ದೇಶ, ಕತ್ತಿ ಮತ್ತು ಕಾಗೆ ಕೇಳಿದ್ದು ಭಾರತದೊಳಗೇ ಇನ್ನೊಂದು ರಾಜ್ಯ. ಅದು ಸಂವಿಧಾನಬದ್ಧ ಬೇಡಿಕೆ. ಕೇಳುವವರನ್ನು ನಾಡದ್ರೋಹಿ ಎನ್ನುವುದು ಅನ್ಯಾಯ.

ಮೂರನೇ ವಿಧಿಯ ದಾರಿ

ಹೊಸ ರಾಜ್ಯ ರಚನೆಯ ಅಧಿಕಾರ ಸಂವಿಧಾನದ 3ನೇ ವಿಧಿಯಲ್ಲಿ ಸಂಸತ್ತಿಗೆ ಇದೆ. ರಾಷ್ಟ್ರಪತಿಯ ಶಿಫಾರಸಿಲ್ಲದೆ ಮಸೂದೆ ಮಂಡಿಸುವಂತಿಲ್ಲ. ಆ ಶಿಫಾರಸು ಕೇಂದ್ರ ಸಂಪುಟದ ಸಲಹೆಯಂತೆ ಬರುವುದು, ಆದ್ದರಿಂದ ಶಾಸಕರೊಬ್ಬರು ನೇರವಾಗಿ ರಾಷ್ಟ್ರಪತಿಗೆ ಬರೆದ ಪತ್ರಕ್ಕೆ ಕಾನೂನಿನ ಬಲವಿಲ್ಲ. ಶಿಫಾರಸಿಗೆ ಮೊದಲು ಮಸೂದೆಯನ್ನು ಸಂಬಂಧಪಟ್ಟ ರಾಜ್ಯದ ಶಾಸಕಾಂಗಕ್ಕೆ ಕಳಿಸಿ, ಗೊತ್ತುಪಡಿಸಿದ ಅವಧಿಯಲ್ಲಿ ಅಭಿಪ್ರಾಯ ಕೇಳಬೇಕು. ಆ ಅಭಿಪ್ರಾಯಕ್ಕೆ ಸಂಸತ್ತು ಬದ್ಧವಲ್ಲ. ಸಂಸತ್ತಿನಲ್ಲಿ ಸಾಮಾನ್ಯ ಬಹುಮತ ಸಾಕು, ಏಕೆಂದರೆ 4ನೇ ವಿಧಿಯ ಪ್ರಕಾರ ಇದು ಸಂವಿಧಾನ ತಿದ್ದುಪಡಿ ಎನಿಸುವುದಿಲ್ಲ.

ಬೆಂಗಳೂರಿನ ಸದನದಲ್ಲಿ ಬಹುಮತ ಸಿಗುವುದಿಲ್ಲ, ಹಾಗಾಗಿ ಇದು ಅಸಾಧ್ಯ ಎಂಬ ವಾದ ಆಗಾಗ ಕೇಳಿಬರುತ್ತದೆ. ಇದು ತಪ್ಪು. ಕಿತ್ತೂರು ಕರ್ನಾಟಕದ 7 ಜಿಲ್ಲೆಗಳಲ್ಲಿ 56 ಸ್ಥಾನ: ಬೆಳಗಾವಿ 18, ವಿಜಯಪುರ 8, ಬಾಗಲಕೋಟೆ 7, ಧಾರವಾಡ 7, ಹಾವೇರಿ 6, ಉತ್ತರ ಕನ್ನಡ 6, ಗದಗ 4. ಕಲ್ಯಾಣ ಕರ್ನಾಟಕದ 7 ಜಿಲ್ಲೆಗಳಲ್ಲಿ 41. ಒಟ್ಟು 97, ಅಂದರೆ 224ರಲ್ಲಿ ಶೇ 43. ಅವಿಭಜಿತ ಆಂಧ್ರದ 294ರಲ್ಲಿ ತೆಲಂಗಾಣದ ಪಾಲು 119, ಶೇ 40. 2014ರ ಜನವರಿ 30ರಂದು ಆಂಧ್ರ ವಿಧಾನಸಭೆ ವಿಭಜನೆ ಮಸೂದೆಯನ್ನು ಧ್ವನಿಮತದಿಂದ ತಿರಸ್ಕರಿಸಿತು. ಆದರೂ ಫೆಬ್ರವರಿ 18ರಂದು ಲೋಕಸಭೆ, 20ರಂದು ರಾಜ್ಯಸಭೆ ಒಪ್ಪಿದವು, ಜೂನ್ 2ಕ್ಕೆ ರಾಜ್ಯ ಹುಟ್ಟಿತು.

ನಿಜವಾದ ತಡೆ ದೆಹಲಿಯಲ್ಲಿದೆ. ವಿಭಜನೆ ಮಾಡಿದ ಕಾಂಗ್ರೆಸ್‌ಗೆ 2014ರಲ್ಲಿ ಉಳಿದ ಆಂಧ್ರದ 175 ವಿಧಾನಸಭಾ ಸ್ಥಾನ, 25 ಲೋಕಸಭಾ ಸ್ಥಾನಗಳಲ್ಲಿ ಒಂದೂ ಸಿಗಲಿಲ್ಲ. ವಿಭಜನೆ ವಿರೋಧಿಸಿ ಕಾಂಗ್ರೆಸ್ ಬಿಟ್ಟು ಹೊಸ ಪಕ್ಷ ಕಟ್ಟಿದ ಮುಖ್ಯಮಂತ್ರಿ ಕಿರಣ್ ಕುಮಾರ್ ರೆಡ್ಡಿಯವರಿಗೂ ಸೊನ್ನೆ. ತೆಲಂಗಾಣದಲ್ಲಿ ಗೆದ್ದದ್ದು 63 ಸ್ಥಾನದ ಟಿಆರ್‌ಎಸ್. ಕೊಟ್ಟ ಪಕ್ಷಕ್ಕೆ ಎರಡೂ ಕಡೆ ನಷ್ಟ. ಈ ಪಾಠವನ್ನು ಯಾವ ರಾಷ್ಟ್ರೀಯ ಪಕ್ಷವೂ ಮರೆತಿಲ್ಲ. ಕರ್ನಾಟಕದ ದಕ್ಷಿಣದಲ್ಲಿ 127 ಸ್ಥಾನಗಳಿವೆ, ಎರಡೂ ಪಕ್ಷಗಳ ರಾಜ್ಯ ನಾಯಕತ್ವ ಇಡೀ ರಾಜ್ಯವನ್ನು ನಂಬಿಕೊಂಡಿದೆ. ಹೀಗಿರುವಾಗ ಹೈಕಮಾಂಡ್ ಕೆಳಗಿನ ಶಾಸಕನೊಬ್ಬ ಎಷ್ಟು ಜೋರಾಗಿ ಕೇಳಿದರೂ ಪಕ್ಷ ಅದನ್ನು ವೈಯಕ್ತಿಕ ಅಭಿಪ್ರಾಯ ಎಂದು ಬದಿಗಿಡುತ್ತದೆ.

ಹಾಗಾದರೆ ಪ್ರಾದೇಶಿಕ ಪಕ್ಷ? ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಂ ಅಡಿ ಪಕ್ಷ ರಚನೆಯಾದ 30 ದಿನದೊಳಗೆ ಚುನಾವಣಾ ಆಯೋಗಕ್ಕೆ ಅರ್ಜಿ ಹಾಕಬೇಕು, ಕನಿಷ್ಠ 100 ಮತದಾರ ಸದಸ್ಯರಿರಬೇಕು. ನೋಂದಣಿ ಸುಲಭ, ಮಾನ್ಯತೆ ಕಷ್ಟ. ಕಾಯಂ ಚಿಹ್ನೆ ಸಿಗಬೇಕಾದರೆ ಇರುವ ಒಂದು ಮಾನದಂಡ ರಾಜ್ಯದ ಒಟ್ಟು ಮತದ ಶೇ 6 ಮತ್ತು 2 ಶಾಸಕ ಸ್ಥಾನ. ಉತ್ತರದ 97 ಕ್ಷೇತ್ರಗಳಲ್ಲಷ್ಟೇ ಸ್ಪರ್ಧಿಸುವ ಪಕ್ಷ ಆ ಶೇ 6 ಮುಟ್ಟಲು ತನ್ನ ಭಾಗದಲ್ಲಿ ಅಂದಾಜು ಶೇ 14 ಮತ ಪಡೆಯಬೇಕು. ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ 40 ಲಕ್ಷ ರೂಪಾಯಿ. ಎಲ್ಲ 97 ಕಡೆ ಆ ಮಿತಿಯ ಅರ್ಧ ಖರ್ಚಾದರೂ 19 ಕೋಟಿ ದಾಟುತ್ತದೆ.

ಹಿಂದುಳಿದಿರುವಿಕೆ ಎಲ್ಲಿದೆ, ಹಣ ಎಲ್ಲಿದೆ

ಬೇಡಿಕೆಯ ಬೇರಿನಲ್ಲಿರುವ ನೋವು ಸುಳ್ಳಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಆಗಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದವು: ಅತ್ಯಂತ ಹಿಂದುಳಿದವು 39, ಅತಿ ಹಿಂದುಳಿದವು 40, ಹಿಂದುಳಿದವು 35. 114ರಲ್ಲಿ ಉತ್ತರದ್ದು 59, ದಕ್ಷಿಣದ್ದು 55, ಅಂದರೆ ಹೆಚ್ಚು ಕಡಿಮೆ ಸಮ. ಆದರೆ ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರದ್ದು. ಆ 26ರಲ್ಲೂ 21 ಕಲಬುರಗಿ ವಿಭಾಗದ್ದು, ಬೆಳಗಾವಿ ವಿಭಾಗದ್ದು 5. ಬೇಡಿಕೆಯ ದನಿ ಹೆಚ್ಚು ಕೇಳುವುದು ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ, ಹಿಂದುಳಿದಿರುವಿಕೆ ಹೆಚ್ಚು ದಟ್ಟವಾಗಿರುವುದು ಕಲಬುರಗಿ ಕಡೆ. ಆ ಕಡೆಯವರು ತಮ್ಮ ಬೇಡಿಕೆಗೆ ಬೇರೆ ದಾರಿ ಹುಡುಕಿಕೊಂಡರು. 98ನೇ ತಿದ್ದುಪಡಿಯ 371(ಜೆ) ವಿಧಿ 2012ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ಪಾಸಾಯಿತು. ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಮಂಡಳಿ ಬಂತು, ಸ್ಥಳೀಯರಿಗೆ ಅಲ್ಲಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70 ಸೀಟು ಮೀಸಲಾಯಿತು, ಉದ್ಯೋಗದಲ್ಲೂ ಪಾಲು ಸಿಕ್ಕಿತು. ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ಇದು ಸಂವಿಧಾನ ತಿದ್ದುಪಡಿ, ಮೂರನೇ ಎರಡರ ವಿಶೇಷ ಬಹುಮತ ಬೇಕಾದದ್ದು. ಕಾಗದದ ಮೇಲೆ ಹೊಸ ರಾಜ್ಯಕ್ಕಿಂತ ಕಷ್ಟ, ಆದರೂ ಸಿಕ್ಕಿತು. ಏಕೆಂದರೆ ಅದರಿಂದ ಯಾವ ಪಕ್ಷವೂ ದಕ್ಷಿಣದ ಸ್ಥಾನ ಕಳೆದುಕೊಳ್ಳುವಂತಿರಲಿಲ್ಲ.

371(ಜೆ) ಸಿಕ್ಕ ಮೇಲೆ ಕಲಬುರಗಿ ಕಡೆಯವರಿಗೆ ಬೆಳಗಾವಿಯ ಜೊತೆ ಸೇರಿ ಹೊಸ ರಾಜ್ಯ ಕೇಳಬೇಕಾದ ತುರ್ತು ಕಡಿಮೆಯಾಯಿತು. ಹೊಸ ರಾಜ್ಯದಲ್ಲಿ ಆ ಮೀಸಲಾತಿ ಏನಾಗುತ್ತದೆ ಎಂಬ ಆತಂಕವೂ ಸಹಜ. ಉತ್ತರ ಕನ್ನಡದವರ ಒಲವು ಯಾವ ಕಡೆ ಎಂಬುದೂ ಕೇಳಬೇಕಾದ ಪ್ರಶ್ನೆ. ಎರಡು ವಿಭಾಗ ಸೇರಿದರೆ 14 ಜಿಲ್ಲೆ, ಪತ್ರದಲ್ಲಿ 15 ಎಂದರೆ ಅದರಾಚೆಯ ಜಿಲ್ಲೆಯೊಂದನ್ನೂ ಒಪ್ಪಿಸಬೇಕು. ಬೆಳಗಾವಿ, ಖಾನಾಪುರ, ನಿಪ್ಪಾಣಿ ಸೇರಿ ಗಡಿಭಾಗದ ಮೇಲೆ ಮಹಾರಾಷ್ಟ್ರ 2004ರಲ್ಲಿ ಹೂಡಿದ ದಾವೆ ಸುಪ್ರೀಂ ಕೋರ್ಟ್‌ನಲ್ಲಿದೆ. ಇಡೀ ಕರ್ನಾಟಕದ ಪರವಾಗಿ ಇಂದು ಒಂದು ಸರ್ಕಾರ ವಾದಿಸುತ್ತಿದೆ, ವಿಭಜನೆಯಾದರೆ ಆ ವಾದದ ಭಾರ ಹೊಸ ರಾಜ್ಯದ ಮೇಲೆ ಬೀಳುತ್ತದೆ.

ಹಣದ ಪ್ರಶ್ನೆ ಇನ್ನೂ ಗಟ್ಟಿ. ತೆಲಂಗಾಣ ಬೇರೆಯಾದಾಗ ಹೈದರಾಬಾದ್ ಅದರೊಳಗೇ ಇತ್ತು. ಬೇರೆಯಾಗುವವರ ಕೈಯಲ್ಲೇ ಖಜಾನೆ ಇತ್ತು, ಆದ್ದರಿಂದಲೇ ಸೀಮಾಂಧ್ರ (ಉಳಿದ ಆಂಧ್ರ) ಅಷ್ಟು ವಿರೋಧಿಸಿತು. ಉತ್ತರ ಕರ್ನಾಟಕದ ಲೆಕ್ಕ ತಿರುಗಮುರುಗ: ಬೆಂಗಳೂರು ಆಚೆ ಉಳಿಯುತ್ತದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತವನ್ನೇ ನೋಡಿ. ಆಲಮಟ್ಟಿ ಅಣೆಕಟ್ಟೆಯ ಎತ್ತರ 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಬೇಕು. 75 ಸಾವಿರ ಎಕರೆಗೂ ಹೆಚ್ಚು ಜಮೀನು ಮುಳುಗುತ್ತದೆ, ಬಾಗಲಕೋಟೆ ನಗರದ ಇನ್ನಷ್ಟು ಭಾಗವೂ ಹೋಗುತ್ತದೆ. 2025ರಲ್ಲಿ ಸಂಪುಟ ಎಕರೆಗೆ ನೀರಾವರಿ ಜಮೀನಿಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ರೂಪಾಯಿ ದರ ನಿಗದಿ ಮಾಡಿತು. ಎಲ್ಲವನ್ನೂ ಕಡಿಮೆ ದರದಲ್ಲೇ ಲೆಕ್ಕ ಹಾಕಿದರೂ ಭೂಮಿಗಷ್ಟೇ 22 ಸಾವಿರ ಕೋಟಿ ದಾಟುತ್ತದೆ, ಪುನರ್ವಸತಿ ಮತ್ತು ಕಾಲುವೆ ಬೇರೆ. ಈ ಹಣವನ್ನು ಬೆಂಗಳೂರಿನ ತೆರಿಗೆ ಇಲ್ಲದ ಹೊಸ ರಾಜ್ಯ ಎಲ್ಲಿಂದ ತರುತ್ತದೆ? ಪತ್ರ ಬರೆಯುವವರು ಮೊದಲು ಉತ್ತರಿಸಬೇಕಾದದ್ದು ಇದಕ್ಕೆ. ಇಷ್ಟು ವರ್ಷ ಬೆಂಗಳೂರಿನ ಖಜಾನೆ ಇದ್ದೂ ಮುಳುಗಡೆ ಸಂತ್ರಸ್ತರು ಕಾಯುತ್ತಲೇ ಇದ್ದಾರೆ ಎಂಬ ಮರುಮಾತು ಬರುತ್ತದೆ. ಅದೂ ನಿಜ, ಮತ್ತು ಅದು ಸಿಟ್ಟು ತರುವ ನಿಜ.

ಪ್ರತ್ಯೇಕ ರಾಜ್ಯಕ್ಕೆ ಬೇಕಾದ ಕಟ್ಟಡಗಳು ಮಾತ್ರ ಸಿದ್ಧ ಇವೆ. 2012ರ ಅಕ್ಟೋಬರ್ 11ರಂದು ಉದ್ಘಾಟನೆಯಾದ ಬೆಳಗಾವಿಯ ಸುವರ್ಣ ವಿಧಾನಸೌಧ ಇದೆ, ಧಾರವಾಡ ಮತ್ತು ಕಲಬುರಗಿಯಲ್ಲಿ ಹೈಕೋರ್ಟ್ ಪೀಠಗಳಿವೆ. ಇಲ್ಲದಿರುವುದು ಕಾರ್ಯದರ್ಶಿ ಮಟ್ಟದ ಕಚೇರಿಗಳು. ಚಳಿಗಾಲದ ಅಧಿವೇಶನ ಮುಗಿದ ಮರುದಿನ ಕಡತಗಳೂ ಅಧಿಕಾರಿಗಳೂ ಬೆಂಗಳೂರಿಗೆ ಹೊರಡುತ್ತಾರೆ. ನೀರಾವರಿ, ಸಕ್ಕರೆ, ಮುಳುಗಡೆ ಪುನರ್ವಸತಿಯ ಕಾರ್ಯದರ್ಶಿ ಮಟ್ಟದ ಕಚೇರಿಗಳು ಕಾಯಂ ಆಗಿ ಇಲ್ಲಿಗೆ ಬರಲು 3ನೇ ವಿಧಿಯೂ ಬೇಡ, ಸಂಸತ್ತೂ ಬೇಡ, ರಾಜ್ಯ ಸಂಪುಟದ ಒಂದು ಆದೇಶ ಸಾಕು. ಆಳುವ ಪಕ್ಷದ ಶಾಸಕರು ರಾಷ್ಟ್ರಪತಿಗೆ ಬರೆಯುವುದಕ್ಕಿಂತ ತಮ್ಮದೇ ಮುಖ್ಯಮಂತ್ರಿಗೆ ಇದನ್ನು ಬರೆದರೆ ಉತ್ತರ ಪಡೆಯುವ ಹಕ್ಕಾದರೂ ಇರುತ್ತದೆ.

1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಕರ್ನಾಟಕ ಏಕೀಕರಣಕ್ಕಾಗಿ ಉಪವಾಸ ಕೂತಾಗ ಹುಬ್ಬಳ್ಳಿ ಹೊತ್ತಿ ಉರಿದಿತ್ತು. ಒಂದಾಗಬೇಕು ಎಂದು ಹೆಚ್ಚು ದುಡಿದದ್ದು ಮುಂಬೈ ಪ್ರಾಂತದ ಕನ್ನಡಿಗರೇ, ವಿಜಯಪುರದಲ್ಲಿ ಹುಟ್ಟಿದ ಆಲೂರು ವೆಂಕಟರಾಯರಂಥವರು. ಅವರ ಮೊಮ್ಮಕ್ಕಳ ಕಾಲದಲ್ಲಿ ಬೇರೆಯಾಗುವ ಮಾತು ಅದೇ ನೆಲದಿಂದ ಬರುತ್ತಿದೆ ಎಂದರೆ ಅದನ್ನು ತಳ್ಳಿಹಾಕದೆ ಕಿವಿಗೊಡಬೇಕು. ಕಿವಿಗೊಡುವುದಕ್ಕೆ ಕೇಳುವವರೂ ಗಂಭೀರವಾಗಿರಬೇಕು: ಜಿಲ್ಲೆಗಳ ಪಟ್ಟಿಗೆ ಆಯಾ ಜಿಲ್ಲೆಯ ಒಪ್ಪಿಗೆ, ಸಾಲ ಮತ್ತು ಆದಾಯ ಹಂಚಿಕೆಯ ಲೆಕ್ಕ, ಕೃಷ್ಣಾ ನೀರಿನ ಪಾಲು, 371(ಜೆ) ಮುಂದುವರಿಕೆಯ ಭರವಸೆ, ಇವೆಲ್ಲ ಇರುವ ಕರಡು ಮಸೂದೆ, ಅದರ ಮೇಲೆ ಒಂದಾದರೂ ಚುನಾವಣೆ. ಅಲ್ಲಿಯವರೆಗೂ ಮಾಡಬಹುದಾದ ಕೆಲಸ ಕಣ್ಣೆದುರೇ ಇದೆ. ರಾಜ್ಯಗಳ ನಡುವೆ ಕೃಷ್ಣಾ ನೀರು ಹಂಚುವ ಎರಡನೇ ನ್ಯಾಯಮಂಡಳಿಯ ತೀರ್ಪು 2010ರಲ್ಲಿ, ಅದರ ಮುಂದುವರಿದ ವರದಿ 2013ರಲ್ಲಿ ಬಂದರೂ ಸುಪ್ರೀಂ ಕೋರ್ಟ್‌ನ ತಡೆಯಿಂದ ಗೆಜೆಟ್ ಅಧಿಸೂಚನೆ ಆಗಿಲ್ಲ, ಆಲಮಟ್ಟಿಯ ಗೇಟು ಎತ್ತರಿಸುವುದು ಅದಕ್ಕೇ ನಿಂತಿದೆ. ಬೀದರ್‌ನಿಂದ ಕಾರವಾರದವರೆಗೆ ಈ ಭಾಗಕ್ಕೆ 12 ಲೋಕಸಭಾ ಸದಸ್ಯರಿದ್ದಾರೆ. ಆ ತಡೆ ತೆರವಾಗಲು ಕೇಂದ್ರ ಕೋರ್ಟಿನಲ್ಲಿ ಏನು ಹೇಳಬೇಕು ಎಂದು ಅವರೆಲ್ಲ ಒಂದೇ ದನಿಯಲ್ಲಿ ಕೇಳುವುದಕ್ಕೆ ಯಾರೂ ಪಕ್ಷ ಬಿಡಬೇಕಾಗಿಲ್ಲ.